ಧರ್ಮದ ಕಾಲಂ: ಉತ್ತರ ನಮ್ಮದು, ಹೇಳಿಕೊಡುವವರು ಯಾರು?

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಮನೆ ಮನೆ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆಗಳ ಫಾರಂ. ಓದು, ಉದ್ಯೋಗ, ಜಮೀನು, ಸಾಲ ಎಲ್ಲ ಅದರಲ್ಲಿತ್ತು. ಆದರೆ ಬೆಂಗಳೂರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡಿದ್ದು ಎರಡೇ ಕಾಲಂ: ಧರ್ಮ ಮತ್ತು ಜಾತಿ. ಸಂಘದವರು ಒಂದು ಹೇಳಿದರು, ಮಠದವರು ಇನ್ನೊಂದು ಹೇಳಿದರು, ಪಕ್ಷದವರು ಮತ್ತೊಂದು. ಒಂದೇ ಮನೆಯ ಅಣ್ಣ ತಮ್ಮಂದಿರ ಫೋನಿಗೆ ಬೇರೆ ಬೇರೆ ಸಲಹೆ ಬಂತು.

ಸಮೀಕ್ಷೆ ಮುಗಿದರೂ ಗೊಂದಲ ಮುಗಿದಿಲ್ಲ. ಯಾಕಂದ್ರೆ ಮುಂದೆ ಜನಗಣತಿ ಇದೆ. ಅದರಲ್ಲೂ ಅದೇ ಕಾಲಂ ಇದೆ, ಈ ಸಲ ಜಾತಿಯ ಕಾಲಂ ಕೂಡ ಇದೆ. ಹಾಗಾದರೆ ಧರ್ಮ ಯಾವುದು ಅಂತ ಹೇಳೋಕೆ ಇನ್ನೊಬ್ಬರ ಸಲಹೆ ಯಾಕೆ ಬೇಕು? ಅವರವರ ನಂಬಿಕೆ ಅವರವರಿಗೆ ಗೊತ್ತಿರುತ್ತದೆ, ಅಲ್ವಾ?

ಗೊತ್ತಿರುತ್ತದೆ. ಆದರೆ ಆ ಕಾಲಂನಲ್ಲಿ ಬೀಳುವ ಉತ್ತರ ನಂಬಿಕೆಯೊಂದರಿಂದಲೇ ಬರುವುದಿಲ್ಲ. ಹುಟ್ಟಿದ ಜಾತಿ, ವಾಸಿಸುವ ಬಡಾವಣೆ, ಮೀಸಲಾತಿಯ ಪ್ರವರ್ಗ, ಕೆಲಸದ ಪಾಳಿ, ಮಗಳ ಮದುವೆ ಎಲ್ಲವೂ ಸೇರಿ ಅದನ್ನು ಬರೆಸುತ್ತವೆ. ದೇವಸ್ಥಾನಕ್ಕೆ, ಮಸೀದಿಗೆ, ಚರ್ಚಿಗೆ ಯಾರು, ಯಾವಾಗ, ಎಷ್ಟು ಹೋಗುತ್ತಾರೆ ಅನ್ನುವುದನ್ನೂ ಅವೇ ಬಹುಮಟ್ಟಿಗೆ ತೀರ್ಮಾನ ಮಾಡುತ್ತವೆ.

ಎರಡು ಎಣಿಕೆ, ಎರಡು ನಿಯಮ

ಮೊದಲು ಒಂದು ಸಣ್ಣ ಗೊಂದಲ ತೀರಿಸಿಕೊಳ್ಳೋಣ. ರಾಜ್ಯದ ಸಮೀಕ್ಷೆ ಬೇರೆ, ಕೇಂದ್ರದ ಜನಗಣತಿ ಬೇರೆ.

ರಾಜ್ಯದ ಸಮೀಕ್ಷೆಯನ್ನು ನಿಲ್ಲಿಸಲು ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ಆದರೆ ಮಾಹಿತಿ ಕೊಡುವುದು ಜನರ ಇಷ್ಟಕ್ಕೆ ಬಿಟ್ಟದ್ದು, ಒತ್ತಾಯ ಮಾಡುವಂತಿಲ್ಲ, ಕೊಟ್ಟ ಮಾಹಿತಿ ಗುಟ್ಟಾಗಿರಬೇಕು ಎಂದು ಹೇಳಿತು. ಬೆಂಗಳೂರಿನಲ್ಲಿ ಸಮೀಕ್ಷೆ ತಡವಾಗಿ, ಅಕ್ಟೋಬರ್‌ನಲ್ಲಿ ಶುರುವಾಯಿತು. ಇಲ್ಲಿ ಎಷ್ಟೋ ಬಾಗಿಲು ತೆರೆಯಲೇ ಇಲ್ಲ. ಗಡುವನ್ನು ಮುಂದಕ್ಕೆ ಹಾಕಬೇಕಾಯಿತು.

ಜನಗಣತಿ ಹಾಗಲ್ಲ. ಅದು 1948ರ ಜನಗಣತಿ ಕಾಯ್ದೆಯ ಅಡಿ ನಡೆಯುತ್ತದೆ. ಪ್ರಶ್ನೆಗೆ ತನಗೆ ತಿಳಿದಂತೆ ಉತ್ತರ ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ಆ ಉತ್ತರವನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ ಅನ್ನುವುದೂ ಅದೇ ಕಾಯ್ದೆಯಲ್ಲಿದೆ. 2027ರ ಮಾರ್ಚ್ 1 ಈ ಸಲದ ಎಣಿಕೆಯ ಆಧಾರ ದಿನ. 1931ರ ನಂತರ ಎಲ್ಲ ಜಾತಿಗಳ ಲೆಕ್ಕ ಜನಗಣತಿಯಲ್ಲಿ ಪ್ರಕಟವಾಗಿಲ್ಲ. ಹಾಗಾಗಿ ಈ ಸಲ ಸಂಘಗಳಿಗೂ ಮಠಗಳಿಗೂ ಆತುರ ಜಾಸ್ತಿ.

ಯಾರು ಏನು ಬರೆಸಿ ಅಂದರು?

ಒಕ್ಕಲಿಗರ ಸಲಹೆ ಸರಳವಾಗಿತ್ತು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸಭೆ ನಡೆಯಿತು. ಧರ್ಮ ಹಿಂದೂ, ಜಾತಿ ಒಕ್ಕಲಿಗ ಅಂತ ಬರೆಸಿ ಎಂಬ ಮಾತು ಅಲ್ಲಿಂದ ಬಂತು. ಒಳಪಂಗಡಗಳಾಗಿ ಒಡೆದುಹೋದರೆ ಸಂಖ್ಯೆ ಕಡಿಮೆ ಕಾಣುತ್ತದೆ ಎಂಬ ಭಯ ಇದರ ಹಿಂದಿದೆ.

ಲಿಂಗಾಯತರ ವಿಷಯ ಇಷ್ಟು ಸಲೀಸಲ್ಲ. ಇಲ್ಲಿ ಮೂರು ವಾದಗಳಿವೆ. ಬಸವಣ್ಣ ವೇದ, ಜಾತಿ, ದೇವಾಲಯ ಮೂರನ್ನೂ ಬಿಟ್ಟು ಇಷ್ಟಲಿಂಗ ಹಿಡಿದವರು, ಆದ್ದರಿಂದ ಲಿಂಗಾಯತ ಬೇರೆಯೇ ಧರ್ಮ ಎನ್ನುವುದು ಒಂದು. ವೀರಶೈವ ಮತ್ತು ಲಿಂಗಾಯತ ಬೇರೆ ಅಲ್ಲ, ಎರಡೂ ಸೇರಿಸಿಯೇ ಬರೆಸಬೇಕು ಎನ್ನುವುದು ವೀರಶೈವ ಮಹಾಸಭಾ ಕಡೆಯ ವಾದ. ಧರ್ಮದ ಜಾಗದಲ್ಲಿ ಹಿಂದೂ ಎಂದು ಬರೆದು, ಲಿಂಗಾಯತವನ್ನು ಜಾತಿಯ ಕಾಲಂಗೆ ಹಾಕಿ ಅನ್ನುವುದು ಮೂರನೆಯದು.

ತತ್ವದ ಜಗಳ ಎಂದು ಕಂಡರೂ ಇದರ ಕೆಳಗೆ ಬೇರೆ ಲೆಕ್ಕಗಳಿವೆ. ಲಿಂಗಾಯತರು ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ 3ಬಿ ಪ್ರವರ್ಗದಲ್ಲಿದ್ದಾರೆ. ಅವರಲ್ಲೇ ಒಂದು ಉಪಜಾತಿಯಾದ ಪಂಚಮಸಾಲಿಗಳು ಹೆಚ್ಚು ಪಾಲು ಇರುವ 2ಎ ಕೇಳುತ್ತಿದ್ದಾರೆ. ಅದಕ್ಕೆ ಉಪಜಾತಿಯ ಹೆಸರು ಎದ್ದು ಕಾಣಬೇಕು. ಇಡೀ ಸಮುದಾಯದ ಸಂಖ್ಯಾಬಲ ತೋರಿಸಬೇಕಾದರೆ ಉಪಜಾತಿ ಹಿಂದೆ ಸರಿಯಬೇಕು. ಅಲ್ಪಸಂಖ್ಯಾತ ಧರ್ಮದ ಮಾನ್ಯತೆ ಬೇಕೆಂದರೆ ಧರ್ಮದ ಕಾಲಂನಲ್ಲಿಯೇ ಲಿಂಗಾಯತ ಎಂದು ಬರೆಸಬೇಕು. ರಾಜಾಜಿನಗರದಲ್ಲಿ ಅಂಗಡಿ ಇಟ್ಟುಕೊಂಡ ಒಂದು ಪಂಚಮಸಾಲಿ ಕುಟುಂಬಕ್ಕೆ ಈ ಮೂರೂ ಸಲಹೆಗಳು ಒಟ್ಟಿಗೆ ಬರಬಹುದು. ಮೂರಕ್ಕೂ ಅದರದೇ ಆದ ಕಾರಣ ಇದೆ.

ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿದರೆ ಏನಾಗುತ್ತದೆ? ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಡುತ್ತದೆ. ಯಾರು ಅಲ್ಪಸಂಖ್ಯಾತರು ಎನ್ನುವುದನ್ನು ರಾಜ್ಯದ ಮಟ್ಟದಲ್ಲಿ ನೋಡಬೇಕು ಎಂದು ಟಿ.ಎಂ.ಎ. ಪೈ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2014ರಲ್ಲಿ ಬಂದ ಇನ್ನೊಂದು ತೀರ್ಪು ಅಲ್ಪಸಂಖ್ಯಾತ ಶಾಲೆಗಳನ್ನು, ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕು ಎನ್ನುವ ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. ಮಠಗಳು ಶಾಲೆ ಕಾಲೇಜು ನಡೆಸುವ ಈ ರಾಜ್ಯದಲ್ಲಿ ಇದು ಸಣ್ಣ ವಿಷಯ ಅಲ್ಲ. 2018ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆಗೆ ಎರಡು ತಿಂಗಳಿರುವಾಗ, ನಾಗಮೋಹನ್ ದಾಸ್ ಸಮಿತಿಯ ವರದಿ ಹಿಡಿದು ಲಿಂಗಾಯತಕ್ಕೆ ಈ ಮಾನ್ಯತೆ ಕೊಡಿ ಎಂದು ರಾಜ್ಯ ಸರ್ಕಾರ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ.

ಸಂಘ, ಮಠಗಳು ಹೀಗೆ ತಲೆ ಲೆಕ್ಕಕ್ಕೆ ಇಳಿಯುವುದು ಹೊಸ ಚಾಳಿಯೇನೂ ಅಲ್ಲ. ವೀರಶೈವ ಮಹಾಸಭಾ ಹುಟ್ಟಿದ್ದು 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ. ಮೈಸೂರು ಸಂಸ್ಥಾನದಲ್ಲಿ ತಲೆ ಎಣಿಕೆ, ಸರ್ಕಾರಿ ನೌಕರಿ, ವಿದ್ಯಾರ್ಥಿನಿಲಯ ಮೂರೂ ಒಟ್ಟೊಟ್ಟಿಗೆ ಬೆಳೆದವು. 1918ರಲ್ಲಿ ಮಿಲ್ಲರ್ ಸಮಿತಿ ಕೂತದ್ದು ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲು ನೋಡಲು. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಊಟ ಮತ್ತು ಮಲಗಲು ಜಾಗ ಕೊಟ್ಟದ್ದು ಸಮುದಾಯದ ಹಾಸ್ಟೆಲ್. ಅಲ್ಲಿ ಬೆಳಗಿನ ಪ್ರಾರ್ಥನೆ, ಸ್ವಾಮೀಜಿಯ ಭೇಟಿ, ಜಯಂತಿ ಆಚರಣೆ ಎಲ್ಲ ಇತ್ತು. ಊರಲ್ಲಿ ಮನೆದೇವರಿಗಷ್ಟೇ ಕೈ ಮುಗಿಯುತ್ತಿದ್ದವನಿಗೆ ಇಡೀ ರಾಜ್ಯಕ್ಕೆ ಹರಡಿದ ಒಂದು ಸಮುದಾಯದ ಸದಸ್ಯ ಎಂಬ ಗುರುತು ಇಲ್ಲಿ ಗಟ್ಟಿಯಾಯಿತು. ಅವನ ಭಕ್ತಿಯ ರೂಪ ಬದಲಾದದ್ದಕ್ಕೆ ಒಂದು ಕಾರಣ ಅನ್ನದ ಸಾಲು.

ಕ್ರೈಸ್ತರ ವಿಷಯದಲ್ಲಿ ಗದ್ದಲ ಇನ್ನೊಂದು ಬಗೆಯದು. ಸಮೀಕ್ಷೆಯ ಪಟ್ಟಿಯಲ್ಲಿ ಹಿಂದೂ ಜಾತಿಯ ಹೆಸರಿನ ಜೊತೆ ಕ್ರೈಸ್ತ ಎಂದು ಸೇರಿಸಿದ್ದ ಹೆಸರುಗಳಿದ್ದವು. ಇದು ಮತಾಂತರಕ್ಕೆ ದಾರಿ, ಸಮಾಜ ಒಡೆಯುವ ಕೆಲಸ ಎಂದು ಬಿಜೆಪಿ ಆಕ್ಷೇಪ ಎತ್ತಿತು. ಮತ ಬದಲಾದರೂ ಜಾತಿಯ ಗಾಯ ಮಾಯುವುದಿಲ್ಲ, ಹಿಂದುಳಿದಿರುವಿಕೆ ಅಳೆಯಬೇಕಾದರೆ ಮೂಲ ಜಾತಿ ಗೊತ್ತಾಗಬೇಕು ಎನ್ನುವುದು ಎದುರು ವಾದ. ಕೊನೆಗೆ ಆಯೋಗ ಅಂಥ ಮೂವತ್ತಕ್ಕೂ ಹೆಚ್ಚು ಹೆಸರುಗಳನ್ನು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಬೇಕಾದವರು ತಾವಾಗಿ ಬರೆಸಬಹುದು ಎಂದಿತು. ಹೆಸರು ಪಟ್ಟಿಯಿಂದ ಹೋಯಿತು, ಪ್ರಶ್ನೆ ಉಳಿಯಿತು.

ಕಾನೂನು ಕೈ ಹಿಡಿಯುವ ಧರ್ಮ

ಆ ಪ್ರಶ್ನೆಯ ಬೇರು 1950ರ ರಾಷ್ಟ್ರಪತಿ ಆದೇಶದಲ್ಲಿದೆ. ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹೊರಡಿಸಿದ ಆ ಆದೇಶ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರನ್ನು ಪರಿಶಿಷ್ಟ ಜಾತಿ ಎಂದು ಪರಿಗಣಿಸುವುದಿಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಅಂದರೆ ಅಂಬೇಡ್ಕರ್ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿ 34 ವರ್ಷ ಆದ ಮೇಲೆ! ಕ್ರೈಸ್ತರೂ ಮುಸ್ಲಿಮರೂ ಇನ್ನೂ ಹೊರಗೇ ಇದ್ದಾರೆ. ಈ ವಿಷಯ ನೋಡಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅದರ ಅವಧಿ ಒಂದಕ್ಕಿಂತ ಹೆಚ್ಚು ಸಲ ವಿಸ್ತರಣೆಯಾಯಿತು.

ಪರಿಣಾಮ ಏನು ನೋಡಿ. ದಲಿತ ಕುಟುಂಬವೊಂದು ಚರ್ಚಿಗೆ ಹೋಗಲು ಶುರುಮಾಡಿತು ಎಂದುಕೊಳ್ಳೋಣ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಪರಿಶಿಷ್ಟರ ಮೀಸಲು ಕ್ಷೇತ್ರದಲ್ಲಿ ನಿಲ್ಲುವ ಹಕ್ಕು, ಆ ಮೀಸಲಾತಿಯ ಸೀಟು, ನೌಕರಿ ಎಲ್ಲ ಕೈಬಿಡುತ್ತದೆ. ಮಗ ಪಿಯುಸಿ ಮುಗಿಸುವ ಹೊತ್ತಿಗೆ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಹಾಗಾಗಿ ಒಂದು ಮನೆ ಭಾನುವಾರ ಪ್ರಾರ್ಥನೆಗೆ ಹೋದರೂ ಫಾರಂನಲ್ಲಿ ಹಿಂದೂ ಎಂದೇ ಬರೆಸಬಹುದು. ಇನ್ನೊಂದು ಮನೆ ಆ ಭಯಕ್ಕೇ ದೀಕ್ಷಾಸ್ನಾನ ಮುಂದೂಡಬಹುದು. 2024ರ ನವೆಂಬರ್‌ನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ನಂಬಿಕೆ ಇಟ್ಟುಕೊಂಡು ಕೇವಲ ಮೀಸಲಾತಿಗಾಗಿ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಕೋರ್ಟಿನ ದೃಷ್ಟಿಯಿಂದ ಅದು ಸರಿ ಇರಬಹುದು. ಆದರೆ ಆ ಮನೆಯವರನ್ನು ಸುಮ್ನೆ ಮೋಸಗಾರರು ಎಂದು ಕರೆದರೆ ಏನೂ ಅರ್ಥವಾಗುವುದಿಲ್ಲ. ಚರ್ಚಿಗೆ ಹೋದ ಮಾತ್ರಕ್ಕೆ ಬೀದಿಯವರು ಅವರ ಜಾತಿ ಮರೆಯುವುದಿಲ್ಲ. ಸೌಲಭ್ಯ ಮಾತ್ರ ಕೈತಪ್ಪುತ್ತದೆ.

ಬೆಂಗಳೂರಿನ ಚರ್ಚುಗಳ ಒಳಗೂ ಒಂದೇ ಗುಂಪಿಲ್ಲ. ದಂಡು ಪ್ರದೇಶದ ತಮಿಳು ಕ್ಯಾಥೊಲಿಕರು, ಮಂಗಳೂರಿನ ಕೊಂಕಣಿಯವರು, ಕೇರಳದ ಸಿರಿಯನ್ ಕ್ರೈಸ್ತರು, ಕನ್ನಡದವರು ಎಲ್ಲ ಇದ್ದಾರೆ. ಬಲಿಪೂಜೆ ಯಾವ ಭಾಷೆಯಲ್ಲಿ ಆಗಬೇಕು ಎಂಬ ಜಗಳ ಇಲ್ಲಿ ದಶಕಗಳಷ್ಟು ಹಳೆಯದು. ಅವರಿಗೆಲ್ಲ ಬೈಬಲ್ ಒಂದೇ. ಯಾವ ಚರ್ಚಿಗೆ ಹೋಗಬೇಕು ಎನ್ನುವುದನ್ನು ತೀರ್ಮಾನಿಸುವುದು ಮಾತ್ರ ಮಾತೃಭಾಷೆ.

ಊರು ಬೆಳೆದಂತೆ ದೇವರು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಒತ್ತೊತ್ತಾದ ಬೀದಿಗಳಲ್ಲಿ ಜನ ಸತ್ತರು. ಗಾಳಿ ಬೆಳಕಿನ ಹೊಸ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅದೇ ಕಾಯಿಲೆಯಿಂದ ಪ್ಲೇಗ್ ಮಾರಮ್ಮ ಎಂಬ ದೇವಿಯೂ ಬಂದಳು. ಅವಳ ಗುಡಿಗಳು ನಗರದಲ್ಲಿ ಇಂದಿಗೂ ಇವೆ. ಅನುಕೂಲ ಇದ್ದವರು ಹೊಸ ಬಡಾವಣೆಗೆ ಹೋಗಿ ಅಲ್ಲಿ ತಮ್ಮ ಪದ್ಧತಿಯ ದೇವಸ್ಥಾನ ಕಟ್ಟಿಕೊಂಡರು. ಹೋಗಲು ಆಗದವರು ಅಮ್ಮನಿಗೆ ಹರಕೆ ಹೊತ್ತರು.

ಆಮೇಲೆ ಕಾರ್ಖಾನೆಗಳು ಬಂದವು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ನೌಕರಿಗೆ ಬಂದ ಮಲಯಾಳಿಗಳಿಂದ ಜಾಲಹಳ್ಳಿಯ ಅಯ್ಯಪ್ಪ ದೇವಸ್ಥಾನಕ್ಕೆ ಕಳೆ ಬಂತು. ಹಲಸೂರಿನಲ್ಲಿ ಬಂಗಾಳಿಗಳ ದುರ್ಗಾಪೂಜೆ ನಡೆಯುತ್ತದೆ. ಇತ್ತೀಚೆಗೆ ಬಿಹಾರದವರ ಛಠ್ ಪೂಜೆಗೆ ಕೆರೆ ದಂಡೆಗಳು ತುಂಬುತ್ತವೆ. 2011ರ ಜನಗಣತಿಯಂತೆ ಬೆಂಗಳೂರಿನಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಹೊರಗಿನಿಂದ ಬಂದವರಿಗೆ ಇಲ್ಲಿ ಅತ್ತೆ ಮಾವ, ನೆರೆಹೊರೆ, ಊರಿನ ಯಜಮಾನ ಯಾರೂ ಇರುವುದಿಲ್ಲ. ಕಷ್ಟಕ್ಕೆ ಆಗುವವರು ಬೇಕು. ಹಬ್ಬದ ಸಮಿತಿ ಆ ಕೆಲಸ ಮಾಡುತ್ತದೆ. ಊರಲ್ಲಿ ಪೂಜೆಗೆ ತಲೆ ಹಾಕದ ಹುಡುಗ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ನಲ್ಲಿ ಗಣೇಶೋತ್ಸವದ ಖಜಾಂಚಿ ಆಗಿರುತ್ತಾನೆ. ಅವನ ಭಕ್ತಿ ಏಕಾಏಕಿ ಹೆಚ್ಚಿತು ಎನ್ನಬೇಕಿಲ್ಲ. ಆರನೇ ಮಹಡಿಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗಲು ಅದು ಬಿಟ್ಟರೆ ಬೇರೆ ದಾರಿ ಕಡಿಮೆ.

ಇದರ ಇನ್ನೊಂದು ಮುಖ ಬಾಡಿಗೆ ಮನೆ. 'ನೀವು ಯಾವ ಪೈಕಿ?' 'ನಾನ್‌ವೆಜ್ ಮಾಡ್ತೀರಾ?' ಈ ಎರಡು ಪ್ರಶ್ನೆ ದಾಟದೆ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಮನೆ ಸಿಗುವುದಿಲ್ಲ. ಮುಸ್ಲಿಮರಿಗೆ, ದಲಿತರಿಗೆ ಸಿಗುವ ಉತ್ತರ ಹೆಚ್ಚಾಗಿ 'ಈಗಷ್ಟೇ ಕೊಟ್ಟುಬಿಟ್ವಿ'. ಪ್ಯೂ ಸಂಶೋಧನಾ ಕೇಂದ್ರ 2019-20ರಲ್ಲಿ ದೇಶದ ಸುಮಾರು 30,000 ಜನರನ್ನು ಮಾತಾಡಿಸಿ ಸಮೀಕ್ಷೆ ಮಾಡಿತು. ಅದರಲ್ಲಿ 36% ಹಿಂದೂಗಳು ಮುಸ್ಲಿಮರು ನೆರೆಮನೆಯವರಾಗುವುದು ಬೇಡ ಎಂದಿದ್ದರು. ಮನೆ ಸಿಗದವರು ತಮ್ಮವರು ಇರುವ ಕಡೆಗೇ ಹೋಗುತ್ತಾರೆ. ಅಲ್ಲಿ ಮಸೀದಿ ಹತ್ತಿರ, ಮದರಸಾ ಹತ್ತಿರ, ಮಾತು ಕತೆಯೆಲ್ಲ ಅದರ ಸುತ್ತ. ಆಮೇಲೆ ಇದೇ ಸಮಾಜ, 'ಅವರು ಜಾಸ್ತಿ ಧಾರ್ಮಿಕರು, ಒಂದೇ ಕಡೆ ಸೇರಿಕೊಳ್ಳುತ್ತಾರೆ' ಎನ್ನುತ್ತದೆ. ಮೊದಲು ಬಾಗಿಲು ಹಾಕಿದ್ದು ಯಾರು ಎಂಬುದು ಆ ಮಾತಿನಲ್ಲಿ ಬರುವುದಿಲ್ಲ.

ರಾಹುಕಾಲಕ್ಕೆ ಯಾರು ಬರಬಲ್ಲರು?

ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದನ್ನು ಬೆಂಗಳೂರಿನವರು ನೋಡಿರುತ್ತಾರೆ. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗೆ ಹೊರಗೆ ತಿರುಗಿಸಿ ಬಟ್ಟಲು ಮಾಡುತ್ತಾರೆ. ಅದಕ್ಕೆ ತುಪ್ಪ ಅಥವಾ ಎಣ್ಣೆ ಹಾಕಿ ಬತ್ತಿ ಇಡುತ್ತಾರೆ. ಉಳಿದ ಕಡೆ ಶುಭಕಾರ್ಯಕ್ಕೆ ಬೇಡವೆನ್ನುವ ರಾಹುಕಾಲವೇ ಇಲ್ಲಿ ಮುಖ್ಯ. ಮಂಗಳವಾರ, ಶುಕ್ರವಾರ, ಭಾನುವಾರ ವಿಶೇಷ. ಪೂಜೆ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಪುರೋಹಿತರ ನೆರವಿಲ್ಲದೆ, ದೊಡ್ಡ ಖರ್ಚಿಲ್ಲದೆ, ತಾವೇ ಕೈಯಾರೆ ಮಾಡುವ ಸೇವೆ ಇದು. ಮದುವೆ ಕೂಡಿಬರಲಿಲ್ಲ, ಗಂಡನ ಸಾಲ ತೀರಲಿಲ್ಲ ಎಂಬಂಥ ಸಂಕಟಗಳಿಗೆ ಇಂಥ ಜಾಗ ಹಿಡಿಸುವುದು ಸಹಜ.

ಈಗ ಪಂಚಾಂಗ ತೆಗೆದು ಹೊತ್ತು ನೋಡಿ. ಮಂಗಳವಾರದ ರಾಹುಕಾಲ ಮಧ್ಯಾಹ್ನ 3ರಿಂದ 4.30. ಶುಕ್ರವಾರದ್ದು ಬೆಳಗ್ಗೆ 10.30ರಿಂದ 12. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಈ ಎರಡೂ ಹೊತ್ತು ಸಿಗುವುದಿಲ್ಲ. ರಜೆ ಹಾಕಿದರೆ ಸಂಬಳ ಕಟ್. ಅವಳಿಗೆ ಉಳಿಯುವುದು ಭಾನುವಾರ ಸಂಜೆ 4.30ರಿಂದ 6. ಅದೂ ವಾರದ ಬಟ್ಟೆ ಒಗೆದು, ಅಡುಗೆ ಮುಗಿಸಿದ ಮೇಲೆ. ಬಡಾವಣೆಯ ಗೃಹಿಣಿ ಮೂರೂ ದಿನ ಬರಬಹುದು. ಇಬ್ಬರ ಭಕ್ತಿ ಒಂದೇ ಇದ್ದರೂ 'ವಾರಕ್ಕೆ ಎಷ್ಟು ಸಲ ದೇವಸ್ಥಾನಕ್ಕೆ ಹೋಗುತ್ತೀರಿ' ಎಂಬ ಪ್ರಶ್ನೆಗೆ ಬರುವ ಉತ್ತರ ಬೇರೆ. ಅದನ್ನು ಓದಿದವರು ಒಬ್ಬಳು ಹೆಚ್ಚು ಧಾರ್ಮಿಕಳು, ಇನ್ನೊಬ್ಬಳು ಕಡಿಮೆ ಎಂದು ತೀರ್ಮಾನಿಸಿಬಿಡುತ್ತಾರೆ.

ಶುಕ್ರವಾರದ ಜುಮ್ಮಾ ನಮಾಜಿಗೂ ಇದೇ ಮಾತು. ಸಿಟಿ ಮಾರ್ಕೆಟ್ ಹತ್ತಿರ ಸ್ವಂತ ಗ್ಯಾರೇಜ್ ಇರುವವನು ಶಟರ್ ಅರ್ಧ ಎಳೆದು ಹೋಗಿ ಬರುತ್ತಾನೆ. ಡೆಲಿವರಿ ಹುಡುಗನಿಗೆ ಆರ್ಡರ್ ಜಾಸ್ತಿ ಬರುವುದೇ ಆ ಹೊತ್ತಿನಲ್ಲಿ.

ಫಾರಂಗೆ ಸಿಗದ ಆಚರಣೆಗಳೂ ಇವೆ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗುವವರಲ್ಲಿ ಹಿಂದೂಗಳೂ ಇರುತ್ತಾರೆ. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಇವರೆಲ್ಲ ಕಾಲಂನಲ್ಲಿ ಒಂದೇ ಹೆಸರು ಬರೆಸುತ್ತಾರೆ.

ಓದಿದರೆ, ದುಡ್ಡು ಬಂದರೆ ಭಕ್ತಿ ಕಡಿಮೆಯಾಗುತ್ತಾ?

ಯುರೋಪಿನ ಅನುಭವ ನೋಡಿದ ಸಮಾಜಶಾಸ್ತ್ರಜ್ಞರು ಬಹಳ ಕಾಲ ಹಾಗೇ ನಂಬಿದ್ದರು. ಶಾಲೆ, ಆಸ್ಪತ್ರೆ, ಪಿಂಚಣಿ ಬಂದರೆ ದೇವರ ಅಗತ್ಯ ತಗ್ಗುತ್ತದೆ ಎಂಬ ವಾದ. ಇದರಲ್ಲಿ ಸ್ವಲ್ಪ ನಿಜ ಇದೆ. ಅದೇ ಪ್ಯೂ ಸಮೀಕ್ಷೆಯಲ್ಲಿ ಧರ್ಮ ತಮ್ಮ ಬದುಕಿನಲ್ಲಿ ಬಹಳ ಮುಖ್ಯ ಎಂದವರು ದೇಶದಲ್ಲಿ 84%, ದಕ್ಷಿಣದಲ್ಲಿ 69%. ಆದರೆ 2011ರಲ್ಲೇ ಸುಮಾರು 88% ಸಾಕ್ಷರತೆ ಇದ್ದ ಬೆಂಗಳೂರಿನಲ್ಲಿ ಹೊಸ ದೇವಸ್ಥಾನಗಳು ಏಳುತ್ತಲೇ ಇವೆ. ಗೃಹಪ್ರವೇಶಕ್ಕೆ ಪುರೋಹಿತರ ಡೇಟ್ ಸಿಗುವುದೇ ಕಷ್ಟ.

ಇಲ್ಲಿ ಎಂ.ಎನ್. ಶ್ರೀನಿವಾಸ್ ಹೇಳಿದ ಸಂಸ್ಕೃತೀಕರಣ ಸಹಾಯಕ್ಕೆ ಬರುತ್ತದೆ. ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಈ ಸಮಾಜಶಾಸ್ತ್ರಜ್ಞರು ಗಮನಿಸಿದ್ದು ಇದು: ಕೈಗೆ ದುಡ್ಡು, ಅಧಿಕಾರ ಬಂದ ಜಾತಿಗಳು ಮೇಲಿನವರ ಆಚಾರಗಳನ್ನು ತಮ್ಮದಾಗಿಸಿಕೊಂಡು ಮೇಲೇರಲು ನೋಡುತ್ತವೆ. ಅಂದರೆ ದುಡ್ಡು ಬಂದಾಗ ಆಚಾರ ಬಿಟ್ಟುಹೋಗುವುದಿಲ್ಲ, ಬೇರೆಯದಾಗುತ್ತದೆ. ಕುರಿ ಕಡಿಯುತ್ತಿದ್ದ ಅಮ್ಮನ ಗುಡಿಗೆ ಗೋಪುರ ಬರುತ್ತದೆ, ಹೋಮ ಶುರುವಾಗುತ್ತದೆ, ಪೂಜಾರಿಯ ಜಾಗಕ್ಕೆ ಅರ್ಚಕರು ಬರುತ್ತಾರೆ. 1959ರ ಪ್ರಾಣಿ ಬಲಿ ತಡೆ ಕಾಯ್ದೆಯೂ ಇದಕ್ಕೆ ಕೈಜೋಡಿಸಿತು.

ಆದರೆ ಈ ವಿವರಣೆ ಎಲ್ಲ ಕಡೆ ಹೊಂದುವುದಿಲ್ಲ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆ ನೋಡಿ. ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲೇ ಇದೆ. ಸುತ್ತಲಿನ ಹಳ್ಳಿಗಳು ಒಂದೊಂದೂ ತನ್ನ ತೇರನ್ನು ಎಳೆದು ತರುತ್ತವೆ. ಅವು ನೂರು ಅಡಿ ದಾಟುವ ತೇರುಗಳು. 2024ರಲ್ಲಿ ಒಂದು ಉರುಳಿತು. 2025ರ ಮಾರ್ಚ್‌ನಲ್ಲಿ ಮತ್ತೆ ತೇರು ಬಿತ್ತು, ಪ್ರಾಣಹಾನಿಯೂ ಆಯಿತು. ಇಷ್ಟೆತ್ತರ ಯಾಕೆ? ಈ ಹಳ್ಳಿಗಳ ಹೊಲಗಳು ಲೇಔಟ್ ಆಗಿವೆ. ಜಮೀನು ಮಾರಿದ ದುಡ್ಡಿದೆ. ಬಾಡಿಗೆ ಬರುತ್ತದೆ. ಆದರೆ ರಾಗಿ ಕಣ ಇಲ್ಲ, ಊರಿನವರು ಸೇರುವ ಕೆಲಸ ಇಲ್ಲ, ಸುತ್ತ ಇರುವವರಿಗೆ ಊರಿನ ಹೆಸರೂ ಗೊತ್ತಿಲ್ಲ. ಇನ್ನೂ ನಾವು ಇದ್ದೇವೆ ಎಂದು ತೋರಿಸುವ ಜಾಗ ವರ್ಷಕ್ಕೊಮ್ಮೆಯ ಆ ತೇರು. ಪಕ್ಕದ ಹಳ್ಳಿಯದಕ್ಕಿಂತ ಒಂದು ಅಡಿಯಾದರೂ ಎತ್ತರ ಇರಬೇಕು. ಇದು ಮೇಲ್ಜಾತಿಯ ಅನುಕರಣೆ ಅಲ್ಲವೇ ಅಲ್ಲ. ನಗರ ನುಂಗುತ್ತಿರುವ ಊರುಗಳ ಹಟ ಎಂದೇ ಇದನ್ನು ಓದಬೇಕು ಅನಿಸುತ್ತದೆ.

ಹೀಗೆಲ್ಲ ಹೇಳಿದರೆ ಭಕ್ತಿಯನ್ನು ಲೆಕ್ಕಾಚಾರಕ್ಕೆ ಇಳಿಸಿದಂತಾಯಿತು ಎಂದು ಆಸ್ತಿಕರು ಬೇಸರ ಪಡಬಹುದು. ಆ ಬೇಸರದಲ್ಲಿ ನ್ಯಾಯ ಇದೆ. ನಿಂಬೆ ದೀಪದ ಮುಂದೆ ಕಣ್ಣು ಮುಚ್ಚಿದವಳಿಗೆ ಆ ಹೊತ್ತಿನಲ್ಲಿ ಪ್ರವರ್ಗ, ಪಾಳಿ ಯಾವುದೂ ನೆನಪಿರುವುದಿಲ್ಲ. ಒಂದೇ ಬೀದಿ, ಒಂದೇ ಜಾತಿ, ಒಂದೇ ಸಂಬಳದ ಇಬ್ಬರಲ್ಲಿ ಒಬ್ಬ ಭಕ್ತ, ಇನ್ನೊಬ್ಬ ನಾಸ್ತಿಕ ಆಗುವುದಕ್ಕೆ ಸಮಾಜಶಾಸ್ತ್ರದಲ್ಲಿ ಗಟ್ಟಿ ಉತ್ತರ ಇಲ್ಲ. ಆದರೆ ಭಕ್ತನಾದವನು ಯಾವ ಬಾಗಿಲಿಗೆ ಹೋಗುತ್ತಾನೆ ಎಂಬುದಕ್ಕೆ ಇದೆ.

ಉತ್ತರ ಹೇಳುವ ಯಜಮಾನ

ಮನೆಯಲ್ಲಿ ಉಪವಾಸ, ವ್ರತ, ಹರಕೆ, ಹಬ್ಬದ ಅಡುಗೆ ಎಲ್ಲ ಹೆಂಗಸರ ಹೆಗಲ ಮೇಲೆ. ಎಣಿಕೆಯವರು ಬಂದಾಗ ಸಾಮಾನ್ಯವಾಗಿ ಉತ್ತರ ಹೇಳುವುದು ಯಜಮಾನ. ಒಬ್ಬರೇ ಎಲ್ಲರ ಧರ್ಮ ಹೇಳಿಬಿಡುತ್ತಾರೆ. ದೇವರನ್ನು ನಂಬದ ಮಗಳ ಹೆಸರಿನ ಮುಂದೆಯೂ ಅಪ್ಪನ ಧರ್ಮವೇ ಬೀಳುತ್ತದೆ. 2011ರಲ್ಲಿ ಧರ್ಮ ಹೇಳದವರು ಎಂದು ದೇಶದಲ್ಲಿ ದಾಖಲಾದದ್ದು ಸುಮಾರು 28.67 ಲಕ್ಷ, ಅಂದರೆ 0.24%. ಭಾರತದಲ್ಲಿ ನಾಸ್ತಿಕರು ಇಷ್ಟೇ ಎಂದು ಇದರಿಂದ ಹೇಳಲು ಬರುವುದಿಲ್ಲ.

ಮಗಳು ತಾನಾಗಿ ಹೇಳಿದರೂ ಬದಲಾವಣೆ ದೊಡ್ಡದಾಗಿ ಇರಲಾರದು. ಮದುವೆ, ಸಾವು, ಆಸ್ತಿ ಹಂಚಿಕೆಯ ಕಾನೂನುಗಳು ಇಲ್ಲಿ ಧರ್ಮಕ್ಕೆ ತಕ್ಕಂತೆ ಬೇರೆ ಬೇರೆ. ಬೇರೆ ಧರ್ಮದವರನ್ನು ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ 30 ದಿನ ಮೊದಲು ಸಾರ್ವಜನಿಕ ನೋಟಿಸ್ ಹಾಕುತ್ತಾರೆ. ಮನೆಯವರ ವಿರೋಧ ಇರುವವರಿಗೆ ಆ 30 ದಿನವೇ ಗಂಡಾಂತರ. ಮತಾಂತರವಾಗಿ ಬೇಗ ಮದುವೆ ಮಾಡಿಕೊಳ್ಳುವುದು ಸುಲಭ ಎನ್ನಿಸಿದರೆ, ಆ ಮತಾಂತರದಲ್ಲಿ ನಂಬಿಕೆ ಎಷ್ಟು, ನೋಟಿಸ್ ಬೋರ್ಡಿನ ಭಯ ಎಷ್ಟು?

ಮುಂದೆ ಏನಾಗಬಹುದು?

ಸಂಖ್ಯೆ ಹೊರಬಂದ ಕೂಡಲೇ ಮೊದಲ ಪರಿಣಾಮ ಮೀಸಲಾತಿಯ ಮೇಲೆ. 1992ರ ಇಂದ್ರಾ ಸಾಹ್ನಿ ತೀರ್ಪಿನ 50% ಮಿತಿ ಇದೆ. ಒಬ್ಬರ ಪಾಲು ಹೆಚ್ಚಿಸಬೇಕಾದರೆ ಇನ್ನೊಬ್ಬರದು ತಗ್ಗಬೇಕು, ಇಲ್ಲವೇ ಮಿತಿ ದಾಟಿ ಕೋರ್ಟ್ ಮೆಟ್ಟಿಲು ಹತ್ತಬೇಕು. 2015ರಲ್ಲಿ ನಡೆದ ಕಾಂತರಾಜು ಆಯೋಗದ ಸಮೀಕ್ಷೆಯ ಅಂಕಿಗಳು ಸೋರಿಕೆಯಾದಾಗ ಲಿಂಗಾಯತರೂ ಒಕ್ಕಲಿಗರೂ ನಮ್ಮನ್ನು ಕಡಿಮೆ ತೋರಿಸಿದ್ದಾರೆ ಎಂದು ಎದ್ದದ್ದು ಇದಕ್ಕೇ. ಆ ವರದಿ ಕಪಾಟಿನಲ್ಲೇ ಉಳಿದು, ಹತ್ತು ವರ್ಷದ ಮೇಲೆ ಹೊಸ ಸಮೀಕ್ಷೆ ಮಾಡಬೇಕಾಯಿತು.

ಬೆಂಗಳೂರಿನ ಲೆಕ್ಕ ಇನ್ನೂ ಸೂಕ್ಷ್ಮ. ಇಲ್ಲಿ ಸಮೀಕ್ಷೆಗೆ ಬಾಗಿಲು ತೆರೆಯದ ಮನೆಗಳು ಜಾಸ್ತಿ. ತೆರೆಯದವರು ಎಲ್ಲ ವರ್ಗಗಳಲ್ಲಿ ಸಮನಾಗಿ ಹಂಚಿಹೋಗಿಲ್ಲ. ಗೇಟೆಡ್ ಬಡಾವಣೆಯವರು, ಬಾಡಿಗೆಗೆ ಇರುವ ಹೊರರಾಜ್ಯದವರು, ಹಗಲು ಮನೆಯಲ್ಲಿ ಯಾರೂ ಇರದವರು ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಹೀಗಾಗಿ ನಗರದ ಧರ್ಮ, ಜಾತಿಯ ಚಿತ್ರ ಒಂದು ಕಡೆಗೆ ವಾಲಬಹುದು. ಜನಗಣತಿಯ ಅಂಕಿ ಬಂದ ಮೇಲೆ ಎರಡೂ ತಾಳೆಯಾಗದಿದ್ದರೆ ಆಶ್ಚರ್ಯ ಇಲ್ಲ. ಯಾವುದು ತನಗೆ ಅನುಕೂಲವೋ ಅದನ್ನು ಒಂದೊಂದು ಸಂಘವೂ ಹಿಡಿದುಕೊಳ್ಳುತ್ತದೆ.

ಸಮುದಾಯದೊಳಗಿನ ಪರಿಣಾಮ ನಿಧಾನವಾಗಿ ಬರುವಂಥದ್ದು. ಹೀಗೇ ಬರೆಸಿ ಎಂದು ಹೇಳುವ ಸಂಘ, ಆಮೇಲೆ ಹಾಗೇ ಬದುಕಿ ಎಂದೂ ಹೇಳತೊಡಗುತ್ತದೆ. ಕಾಲಂನಲ್ಲಿ ಬೇರೆ ಧರ್ಮ ಎಂದು ಬರೆಸಿದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಹಿಂದೂ ಎಂದು ಬರೆಸಿದವರು ದರ್ಗಾಕ್ಕೆ ಸಕ್ಕರೆ ಓದಿಸಲು ಯಾಕೆ ಹೋಗುತ್ತಾರೆ ಎಂದು ಕೇಳುವವರು ಹುಟ್ಟುತ್ತಾರೆ. ಎಣಿಸಲು ಮಾಡಿಕೊಂಡ ಗೆರೆ ನಡವಳಿಕೆಯ ಗೆರೆಯೂ ಆಗುವುದು ಹೀಗೆ.

ಧರ್ಮದ ಕಾಲಂನಲ್ಲಿ 'ಇತರೆ' ಎಂದು ಬರೆಸಿದರೆ ಮಾನ್ಯತೆ ತಾನಾಗಿ ಬರುತ್ತದೆ ಎಂದು ನಂಬಿದವರು ಜಾರ್ಖಂಡ್ ಕಡೆ ನೋಡಬೇಕು. 2011ರಲ್ಲಿ ಪಟ್ಟಿಯಲ್ಲಿ ಇಲ್ಲದಿದ್ದರೂ ಸುಮಾರು 49 ಲಕ್ಷ ಆದಿವಾಸಿಗಳು ತಮ್ಮ ಧರ್ಮ ಸರ್ನಾ ಎಂದು ಬರೆಸಿದರು. ಅದು ಜೈನರ ಸಂಖ್ಯೆಗಿಂತ ಹೆಚ್ಚು. ಜೈನರಿಗೆ 2014ರಲ್ಲಿ ದೇಶದ ಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. ಸರ್ನಾಕ್ಕೆ ಜನಗಣತಿಯಲ್ಲಿ ಪ್ರತ್ಯೇಕ ಕಾಲಂ ಬೇಕು ಎಂದು ಜಾರ್ಖಂಡ್ ವಿಧಾನಸಭೆ 2020ರ ನವೆಂಬರ್‌ನಲ್ಲಿ ನಿರ್ಣಯ ಮಾಡಬೇಕಾಯಿತು. ತೀರ್ಮಾನ ಕೇಂದ್ರದ ಕೈಯಲ್ಲಿದೆ.